ಮೊಲೆ ಬಿಡಿಸಿದ ಮೇಲೆ ಯಾರ ಹಾಲು?

ನನ್ನ ಮಗಳಿಗೆ 14 ತಿಂಗಳು ತುಂಬಿದಾಗ ಸೇಡಂನ ನಮ್ಮ ಮನೆಯಲ್ಲಿ ಮೊಲೆ ಬಿಡಿಸುವ ಮಾತು ಬಂತು. ಕಾಲೇಜಿಗೆ ಪಾಠ ಮಾಡಲು ಹೋಗುವ ನನಗೆ ಅದು ಬೇಕೂ ಆಗಿತ್ತು. 'ಇನ್ನ ಆಕಳ ಹಾಲು ರೂಢಿ ಮಾಡ್ಸ್ರಿ' ಎಂದರು ಡಾಕ್ಟರು. ಆಯಿ ನಕ್ಕಳು: 'ಆಕಳ ಹಾಲೇನ ಯವ್ವಾ? ನಿಮ್ಮಪ್ಪಗ ಒಂಬತ್ತು ತಿಂಗಳಿಗೇ ಬೇವಿನ ಎಲಿ ಅರದು ಹಚ್ಕೊಂಡು ಮೊಲಿ ಬಿಡಿಸ್ದೆ. ಆಮ್ಯಾಲ ಜ್ವಾಳದ ಅಂಬಲಿನೇ. ಹಾಲು ಅಂದ್ರ ಗೌಡರ ಮನಿದು.'

ಆ ನಗೆಯಲ್ಲಿ ಒಂದು ಚರಿತ್ರೆಯಿದೆ. ತಾಯಿಹಾಲಿನಿಂದ ಆಕಳ ಹಾಲಿಗೆ ಹೋಗುವುದು ಎಲ್ಲ ಕೂಸುಗಳ ಸಹಜ ದಾರಿಯೆಂದು ನಂಬಿದವರು ಮನೆಯಲ್ಲಿ ಆಕಳು ಕಟ್ಟಿಕೊಂಡವರು. ನಮ್ಮ ಕೇರಿಗೆ ಆಕಳು ಬರುತ್ತಿದ್ದುದು ಸತ್ತ ಮೇಲೆ. ಹೆಣ ಎಳೆಯುವುದು, ಚರ್ಮ ಸುಲಿಯುವುದು ನಮ್ಮ ಪಾಲಿಗೆ. ಹಾಲು, ಮೊಸರು, ತುಪ್ಪ ಅವರ ಪಾಲಿಗೆ. ಜಾತಿ ಒಂದು ಪ್ರಾಣಿಯನ್ನೂ ಹೀಗೆ ಹಂಚಿಟ್ಟಿತ್ತು.

ಇದನ್ನು ಬರೀ ಬಡತನ ಎಂದು ತಳ್ಳಿಹಾಕಲಾಗದು. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಜೈಪುರ ಸಂಸ್ಥಾನದ ಚಕ್ವಾರಾ ಹಳ್ಳಿಯ ಪ್ರಸಂಗವೊಂದನ್ನು ದಾಖಲಿಸಿದ್ದಾರೆ. ತೀರ್ಥಯಾತ್ರೆಯಿಂದ ಮರಳಿದ ಅಸ್ಪೃಶ್ಯನೊಬ್ಬ ತನ್ನವರಿಗೆ ತುಪ್ಪದ ಊಟ ಹಾಕಿಸಿದ. ಉಣ್ಣುತ್ತಿರುವಾಗಲೇ ನೂರಾರು ಸವರ್ಣೀಯರು ಲಾಠಿ ಹಿಡಿದು ಬಂದು ಅನ್ನ ಹಾಳುಗೆಡವಿ, ಉಣ್ಣುವವರನ್ನು ಬಡಿದರು. ತುಪ್ಪ ಕೊಳ್ಳುವ ದುಡ್ಡು ಅವನಲ್ಲಿತ್ತು. ತುಪ್ಪ ಉಣ್ಣುವ ಜಾತಿ ಅವನದಾಗಿರಲಿಲ್ಲ, ಅಷ್ಟೆ.

ಈ ಹಿನ್ನೆಲೆಯಲ್ಲಿ, ಶಾಲೆಯಲ್ಲಿ ನಾವೆಲ್ಲ ಕಲಿತ 'ಗೋವಿನ ಹಾಡು' ನನಗೆ ಬೇರೆಯಾಗಿ ಕೇಳಿಸುತ್ತದೆ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು, ದೊಡ್ಡಿಗೆ ಬಂದು, ಕರುವಿಗೆ ಕಡೆಯ ಹಾಲು ಕುಡಿಸಿ ಹೋಗುತ್ತಾಳೆ. ಅವಳ ಸತ್ಯವನ್ನು ನಾವು ಹೊಗಳಿದ್ದೇ ಹೊಗಳಿದ್ದು. ಹಾಲೂಡಿಸಿ ಬರಲು ಹುಲಿ ಬಿಡುವು ಕೊಟ್ಟಿತಲ್ಲ, ಅದನ್ನು ಯಾರು ಗಮನಿಸಿದೆವು?

ಆಯಿಗೆ ಅಂಥ ಬಿಡುವು ಸಿಗಲಿಲ್ಲ. ಶಹಾಬಾದ್ ಕಲ್ಲೆಂದು ದೇಶಕ್ಕೆಲ್ಲ ಹೋಗುವ ಹಾಸುಗಲ್ಲು ತೆಗೆಯುವ ಖಣಿಯಲ್ಲಿ ಅವಳು ಕೂಲಿ. ಗುತ್ತೇದಾರನಿಗೆ ಕಲ್ಲಿನ ಲೆಕ್ಕ ಗೊತ್ತಿತ್ತು, ಕೂಸಿನ ಲೆಕ್ಕ ಗೊತ್ತಿರಲಿಲ್ಲ. 'ಎದಿ ಕಟ್ಟಿ ಸೀರಿ ತೊಯ್ತಿತ್ತು. ಕೂಸು ಮನ್ಯಾಗ ಅಳ್ತಿತ್ತು' ಎನ್ನುತ್ತಾಳೆ. ಬೇವು ಹಚ್ಚಿದ್ದು ಅವಳ ಕೈ, ಹಚ್ಚಿಸಿದ್ದು ಕೂಲಿ.

ಕಾನೂನು ಇರಲಿಲ್ಲವೆಂದಲ್ಲ. ದುಡಿಯುವ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತವೆಂದು ಅಂಬೇಡ್ಕರ್ 1928ರಲ್ಲೇ ಮುಂಬೈ ಶಾಸನಸಭೆಯಲ್ಲಿ ವಾದಿಸಿದ್ದರು. 1961ರ ಹೆರಿಗೆ ಸೌಲಭ್ಯ ಕಾಯಿದೆ ಗಣಿಗಳಿಗೂ ಅನ್ವಯವಾಗುತ್ತಿತ್ತು. ಕೂಸಿಗೆ 15 ತಿಂಗಳು ತುಂಬುವವರೆಗೆ ತಾಯಿಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು ಅದರಲ್ಲಿತ್ತು. ನನ್ನಪ್ಪ ಹುಟ್ಟಿದ್ದು ಆ ಕಾಯಿದೆ ಬಂದ ಮೇಲೆಯೇ. ನಾನು ಇದನ್ನು ಓದಿ ಹೇಳಿದಾಗ ಆಯಿ ಕೇಳಿದ್ದು ಒಂದೇ: 'ಯಾರಿಗಿ ಹೇಳಿದ್ರು ಅದನ್ನ?'

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಶುರುವಾಗಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಬಂತು. ನಮ್ಮ ಕೇರಿಯ ಮಕ್ಕಳೂ ಲೋಟ ಹಿಡಿದು ಕೂತರು. ಇದನ್ನು ದಾನವೆನ್ನುವವರಿದ್ದಾರೆ. ತಲೆಮಾರುಗಳ ಬಾಕಿಯಲ್ಲಿ ಇದು ಒಂದು ಗುಟುಕು ಎನ್ನುತ್ತೇನೆ ನಾನು.

ಮಗಳಿಗೆ ನಾನು ಬೇವು ಹಚ್ಚಲಿಲ್ಲ, ನಿಧಾನಕ್ಕೆ ಬಿಡಿಸಿದೆ. ಬೆಳಿಗ್ಗೆ ಆಕಳ ಹಾಲು ಕುಡಿಯುತ್ತಾಳೆ. ಮಧ್ಯಾಹ್ನ ನಾನು ಪಾಠದಲ್ಲಿರುವಾಗ ಆಯಿ ತೊಡೆಯ ಮೇಲೆ ಕೂರಿಸಿಕೊಂಡು ಅಂಬಲಿ ಕುಡಿಸುತ್ತಾಳೆ. ನಮ್ಮನ್ನು ಬದುಕಿಸಿದ್ದು ಅಂಬಲಿ. ಅದರ ರುಚಿಯೂ ಅವಳಿಗೆ ಗೊತ್ತಿರಲಿ.