ವಲಸೆ ಮತ್ತು ಮನಸ್ಸು: ಕಾರಣ ವ್ಯಕ್ತಿಯಲ್ಲೋ, ನೆರೆಹೊರೆಯಲ್ಲೋ?

ಹುಟ್ಟಿದ ನಾಡನ್ನು ತೊರೆದು ಪರದೇಶದಲ್ಲಿ ನೆಲೆಸಿದವರನ್ನು ಮಾನಸಿಕ ಕಾಯಿಲೆಗಳು ಹೆಚ್ಚಾಗಿ ಕಾಡುತ್ತವೆಯೇ? ಹೌದಾದರೆ ಅದಕ್ಕೆ ಕಾರಣ ವಲಸೆ ಹೋದ ವ್ಯಕ್ತಿಯಲ್ಲಿದೆಯೋ ಅಥವಾ ಆತನನ್ನು ಬರಮಾಡಿಕೊಂಡ ಸಮಾಜದಲ್ಲಿದೆಯೋ? ಮನೋವೈದ್ಯಶಾಸ್ತ್ರದಲ್ಲಿ ಈ ಚರ್ಚೆಗೆ ತೊಂಬತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ನಾರ್ವೆಯ ಮನೋವೈದ್ಯ ಓಡೆಗೋರ್ 1932ರಲ್ಲಿ ಪ್ರಕಟಿಸಿದ ಅಧ್ಯಯನವೇ ಇದಕ್ಕೆ ತಳಹದಿ. ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ವಲಸೆ ಹೋದ ನಾರ್ವೇಜಿಯನ್ನರು ಸ್ಕಿಜೋಫ್ರೇನಿಯಾದಿಂದ ಆಸ್ಪತ್ರೆ ಸೇರುವ ಪ್ರಮಾಣ, ತಾಯ್ನಾಡಿನಲ್ಲಿ ಉಳಿದವರದಕ್ಕಿಂತ ಸುಮಾರು ಇಮ್ಮಡಿಯಿತ್ತು. ಇಲ್ಲದ ದನಿಗಳು ಕೇಳಿಸುವ, ಭ್ರಮೆಗಳು ಆವರಿಸುವ ಕಾಯಿಲೆಯಿದು. ರೋಗದ ಒಲವು ಇರುವವರೇ ಊರಿನಲ್ಲಿ ನೆಲೆ ನಿಲ್ಲಲಾರದೆ ವಲಸೆ ಹೋಗುತ್ತಾರೆ ಎಂಬುದು ಓಡೆಗೋರ್ ನೀಡಿದ ವಿವರಣೆ. ದೋಷವನ್ನೆಲ್ಲ ವಲಸಿಗನ ತಲೆಗೆ ಕಟ್ಟುವ ಈ ವಾದ ಬಹುಕಾಲ ಬಾಳಿತು.

ಅದನ್ನು ಅಲುಗಾಡಿಸಿದ್ದು ಪುಟ್ಟ ದೇಶವಾದ ಸುರಿನಾಮ್. 1975ರಲ್ಲಿ ಸ್ವಾತಂತ್ರ್ಯ ಪಡೆದ ಈ ಡಚ್ ವಸಾಹತಿನಿಂದ ಜನಸಂಖ್ಯೆಯ ಮೂರನೇ ಒಂದಕ್ಕೂ ಹೆಚ್ಚು ಭಾಗ ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿತು. ಹೀಗೆ ಹೋದವರಲ್ಲಿ, ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತದಿಂದ ಒಯ್ಯಲ್ಪಟ್ಟವರ ಸಂತತಿಯೂ ಇತ್ತು. ಡಚ್ ಸಂಶೋಧಕ ಸೆಲ್ಟನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಜಾಣ ಲೆಕ್ಕ ಹಾಕಿದರು. ಸುರಿನಾಮಿನ ಇಡೀ ಜನತೆಯೇ ವಲಸೆ ಬಂದಿದೆಯೆಂದು ಭಾವಿಸಿದರೂ ಸ್ಕಿಜೋಫ್ರೇನಿಯಾದ ಪ್ರಮಾಣ ಡಚ್ಚರದಕ್ಕಿಂತ ಹೆಚ್ಚೇ ಬಂತು. ಎಲ್ಲರೂ ಹೊರಟು ಬಂದ ಮೇಲೆ ರೋಗಪ್ರವೃತ್ತಿಯವರು ಮಾತ್ರ ಬಂದರೆನ್ನುವುದು ಹೇಗೆ?

2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಮೊದಲ ತಲೆಮಾರಿನ ವಲಸಿಗರಿಗೆ ಸ್ಕಿಜೋಫ್ರೇನಿಯಾದ ಅಪಾಯ 2.7 ಪಟ್ಟು, ಎರಡನೇ ತಲೆಮಾರಿಗೆ 4.5 ಪಟ್ಟು ಎಂಬ ಅಂಕಿಗಳು ಹೊರಬಿದ್ದವು. ಪಯಣದ ದಣಿವನ್ನೇ ಕಾಣದ ಮಕ್ಕಳಲ್ಲಿ ಅಪಾಯ ಹೆಚ್ಚು! ಹಾಗೆಂದು ಯಾರೂ ಗಾಬರಿಯಾಗಬೇಕಿಲ್ಲ. ಕಾಯಿಲೆಯೇ ವಿರಳವಾದುದರಿಂದ ಬಹುಪಾಲು ವಲಸಿಗರು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಖಿನ್ನತೆ, ಆತಂಕಗಳೇ ಹೆಚ್ಚು ಸಾಮಾನ್ಯ.

ಅತ್ಯಂತ ಮಹತ್ವದ ಸುಳಿವು ದೊರೆತದ್ದು ಬೀದಿಗಳಲ್ಲಿ. ದಕ್ಷಿಣ ಲಂಡನ್ನಿನ 2001ರ ಅಧ್ಯಯನ ಮತ್ತು ಹೇಗ್ ನಗರದ 2008ರ ಅಧ್ಯಯನ ಒಂದೇ ಮಾತನ್ನು ಹೇಳಿದವು: ತಮ್ಮವರು ವಿರಳವಾಗಿರುವ ಬಡಾವಣೆಗಳಲ್ಲಿ ವಾಸಿಸುವ ವಲಸಿಗರಲ್ಲಿ ಅಪಾಯ ಹೆಚ್ಚು, ತಮ್ಮವರ ನಡುವೆ ಬಾಳುವವರಲ್ಲಿ ಕಡಿಮೆ. ತಾರತಮ್ಯದ ಅನುಭವವನ್ನು ಹಂಚಿಕೊಳ್ಳಲು ಪಕ್ಕದ ಮನೆಯವರಿಲ್ಲದಿರುವುದು ಸಣ್ಣ ಸಂಗತಿಯಲ್ಲ ಎಂದಾಯಿತು.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ವಲಸಿಗರ ಮುಂದೆ ನಾಲ್ಕು ದಾರಿಗಳಿವೆಯೆನ್ನುತ್ತಾರೆ: ಎರಡೂ ಸಂಸ್ಕೃತಿಗಳನ್ನು ಉಳಿಸಿಕೊಳ್ಳುವುದು, ಹೊಸದರಲ್ಲಿ ಕರಗುವುದು, ಹಳೆಯದಕ್ಕೇ ಅಂಟಿಕೊಳ್ಳುವುದು, ಎರಡರಿಂದಲೂ ದೂರವಾಗುವುದು. ಮೊದಲನೆಯದು ಮನಸ್ಸಿಗೆ ಹಿತ, ಕೊನೆಯದು ಮಾರಕ. ಆದರೆ ಮೊದಲ ದಾರಿ ತೆರೆದಿರಬೇಕಾದರೆ ಆತಿಥೇಯ ಸಮಾಜವೂ ಒಪ್ಪಬೇಕು.

ಕಾನೂನೂ ಈ ದಾರಿಯನ್ನು ಮುಚ್ಚಬಲ್ಲದು. ಅಮೆರಿಕಕ್ಕೆ ಎಚ್-1ಬಿ ವೀಸಾದಲ್ಲಿ ತೆರಳುವ ತಂತ್ರಜ್ಞರ ಬಾಳಸಂಗಾತಿಗಳಿಗೆ ಸಿಗುವುದು ಎಚ್-4 ವೀಸಾ. ಕನ್ನಡಿಗ ಕುಟುಂಬಗಳಿಗೂ ಇದು ಚಿರಪರಿಚಿತ. ಇಲ್ಲಿ ಎಂಜಿನಿಯರೋ ಉಪನ್ಯಾಸಕಿಯೋ ಆಗಿದ್ದಾಕೆ ಅಲ್ಲಿ ದುಡಿಯುವ ಹಕ್ಕಿಲ್ಲದ 'ಅವಲಂಬಿತೆ'. ಹಸಿರು ಕಾರ್ಡಿನ ಹಾದಿಯಲ್ಲಿರುವವರ ಸಂಗಾತಿಗಳಲ್ಲಿ ಕೆಲವರಿಗೆ ಕೆಲಸದ ಅನುಮತಿ ದೊರೆತದ್ದು 2015ರಲ್ಲಷ್ಟೇ. ಸಂಸ್ಕೃತಿಗಿಂತ ಮೊದಲು ಕಳೆದುಹೋಗುವುದು ಇಂಥ ಗುರುತು. ಯುಗಾದಿಗೊಮ್ಮೆ, ರಾಜ್ಯೋತ್ಸವಕ್ಕೊಮ್ಮೆ ಸೇರುವ ಕನ್ನಡ ಕೂಟಗಳ ಬೆಲೆ ದೊಡ್ಡದೇ. ಆದರೆ ಮೇಲಿನ ಅಧ್ಯಯನಗಳು ಎತ್ತಿ ತೋರುವುದು ಹಬ್ಬದೂಟದ ಪಂಕ್ತಿಯನ್ನಲ್ಲ, ಮಂಗಳವಾರ ಮಧ್ಯಾಹ್ನ ಬಾಗಿಲು ತಟ್ಟುವ ನೆರೆಯವರನ್ನು.

ಭಾಷೆಯದೂ ಒಂದು ತೊಡಕು. ಕನ್ನಡದ 'ಸಂಕಟ' ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಎರಡರಲ್ಲೊಂದು ಉದುರಿಹೋಗುತ್ತದೆ; ವೈದ್ಯರು ಹೊಟ್ಟೆಯನ್ನಷ್ಟೇ ಪರೀಕ್ಷಿಸಿ ಕಳುಹಿಸಬಹುದು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋದ ಹಿರಿಯರ ವಿಷಯದಲ್ಲಂತೂ ಈ ಎಚ್ಚರ ಅಗತ್ಯ. ವಾರಗಟ್ಟಲೆ ನಿದ್ದೆಗೇಡು, ಹಸಿವಿಲ್ಲದಿರುವಿಕೆ, ಯಾರೊಡನೆಯೂ ಬೆರೆಯದಿರುವುದು ಕಂಡುಬಂದರೆ 'ಊರಿನ ನೆನಪು' ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ದುಭಾಷಿ ಬೇಕೆಂದು ಕೇಳಲು ಸಂಕೋಚಪಡಬಾರದು.