ಜಕ್ಕೂರು ವಿಮಾನ ದುರಂತ (2004)

2004ರ ಏಪ್ರಿಲ್ 17, ಶನಿವಾರ ಬೆಳಿಗ್ಗೆ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಖಾಸಗಿ ಲಘು ವಿಮಾನವೊಂದು ಕ್ಷಣಗಳಲ್ಲೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣಕ್ಕೆ ಬಿದ್ದು ಹೊತ್ತಿ ಉರಿದ ಅಪಘಾತ. ಚಿತ್ರನಟಿ ಸೌಂದರ್ಯ, ಅವರ ಸಹೋದರ ಅಮರನಾಥ, ಭಾರತೀಯ ಜನತಾ ಪಕ್ಷದ ಕಾರ್ಯಕರ್ತರೊಬ್ಬರು ಮತ್ತು ಪೈಲಟ್, ಹೀಗೆ ಒಳಗಿದ್ದ ನಾಲ್ವರೂ ಅಸುನೀಗಿದರು.

ಯಶವಂತಪುರದಿಂದ ಈಶಾನ್ಯಕ್ಕೆ, ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆಯ ಪೂರ್ವಕ್ಕೆ ಜಕ್ಕೂರು ಏರೋಡ್ರೋಮ್ ಇದೆ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯಿಂದ ಇಲ್ಲಿ ನೆಲೆಗೊಂಡಿದೆ. ಖಾಸಗಿ ಸಂಸ್ಥೆಗಳು ಬಂದದ್ದು ಆಮೇಲೆ. ರಸ್ತೆಯ ಆಚೆ ಬದಿಗೆ ಜಿಕೆವಿಕೆಯ ವಿಸ್ತಾರವಾದ ಹೊಲತೋಟಗಳು.

ಅದು ಲೋಕಸಭಾ ಚುನಾವಣೆಯ ಕಾವಿನ ಕಾಲ. ಸೌಂದರ್ಯ ಪಕ್ಷದ ಪ್ರಚಾರಕ್ಕೆಂದು ಆಗಿನ ಆಂಧ್ರಪ್ರದೇಶದ ಕರೀಂನಗರಕ್ಕೆ ಹೊರಟಿದ್ದರು. ಅವರನ್ನು ಹೊತ್ತದ್ದು ಸೆಸ್ನಾ 180: ನಾಲ್ಕು ಆಸನ, ಒಂದೇ ಎಂಜಿನ್, ಬಾಲದಡಿ ಪುಟ್ಟ ಚಕ್ರವಿರುವ, 1953ರಿಂದ 1981ರವರೆಗೆ ತಯಾರಾದ ಮಾದರಿ. ಸುಮಾರು 11.05ಕ್ಕೆ ಪಶ್ಚಿಮಾಭಿಮುಖವಾಗಿ ಏರಿದ ವಿಮಾನ ನೂರು ಅಡಿಯಷ್ಟು ಎತ್ತರದಲ್ಲಿ ಓಲಾಡಿ, ಎಡಕ್ಕೆ ತಿರುಗಿ ನೆಲಕ್ಕೆ ಅಪ್ಪಳಿಸಿತು. ಕೃಷಿ ವಿಶ್ವವಿದ್ಯಾಲಯದ ಸಿಬ್ಬಂದಿ ನೆರವಿಗೆ ಧಾವಿಸಿದರೂ ಬೆಂಕಿ ಯಾರನ್ನೂ ಉಳಿಸಗೊಡಲಿಲ್ಲ.

ಲಘು ವಿಮಾನಕ್ಕೆ ಮೇಲೇರಿದ ಮೊದಲ ನಿಮಿಷವೇ ಕಠಿಣ. ವೇಗ ಕಡಿಮೆ, ಎತ್ತರವೂ ಕಡಿಮೆ. ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂತಿ ತಗ್ಗಿಸಿ ವೇಗ ಮರಳಿ ಪಡೆಯಲು ಕೆಳಗೆ ಆಕಾಶವೇ ಇರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ, ಬೇಸಗೆಯ ತೆಳುವಾದ ಗಾಳಿಯಲ್ಲಿ, ಎಂಜಿನ್ನಿನ ಶಕ್ತಿಯೂ ರೆಕ್ಕೆಯ ಬಲವೂ ತಗ್ಗುತ್ತವೆ. ತೂಕದ ಲೆಕ್ಕ ಇಲ್ಲಿ ಕಾಗದದ ಔಪಚಾರಿಕತೆಯಲ್ಲ. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್‌ನಿಂದ ಹಾರಿದ ಸಂಜಯ್ ಗಾಂಧಿ ಸತ್ತದ್ದೂ ಸಣ್ಣ ವಿಮಾನದಲ್ಲೇ; ಆದರೆ ಅದು ಸಾಹಸ ಹಾರಾಟ, ಇದು ಬರಿಯ ಪ್ರಯಾಣ.

ಕೋಲಾರ ಜಿಲ್ಲೆಯ ಮುಳಬಾಗಿಲು ಮೂಲದ ಸೌಂದರ್ಯ ತೆಲುಗಿನಲ್ಲಿ ಅಗ್ರತಾರೆಯಾಗಿದ್ದರು. ಕನ್ನಡಕ್ಕೆ ಅವರು ಕೊಟ್ಟ ದೊಡ್ಡ ಕಾಣಿಕೆ ‘ದ್ವೀಪ’. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಈ ಚಿತ್ರವನ್ನು ಸ್ವತಃ ನಿರ್ಮಿಸಿ, ಮುಳುಗಡೆಯ ನೆಲ ಬಿಡದ ನಾಗಿಯಾಗಿ ನಟಿಸಿದರು. ಅದಕ್ಕೆ ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ‘ಆಪ್ತಮಿತ್ರ’ ತೆರೆಕಂಡು ಭಾರಿ ಯಶಸ್ಸು ಗಳಿಸಿದ್ದು ಅವರ ಸಾವಿನ ನಂತರ, ಅದೇ ವರ್ಷದ ಆಗಸ್ಟ್‌ನಲ್ಲಿ.

ಈ ದುರಂತವನ್ನು ತಾರೆಯ ಸಾವೆಂದಷ್ಟೇ ನೆನೆಯುವುದು ಸಾಲದು. ವಿಮಾನ ಬಿದ್ದ ಜಾಗ ಪ್ರಯೋಗದ ಹೊಲಗಳಿದ್ದ ಬಯಲಾದ್ದರಿಂದ ನೆಲದಲ್ಲಿದ್ದ ಯಾರೂ ಸಾಯಲಿಲ್ಲ. ಆಮೇಲೆ ಜಕ್ಕೂರಿನ ಸುತ್ತ ವಸತಿ ಬಡಾವಣೆಗಳು ಒತ್ತಾದವು, ದೇವನಹಳ್ಳಿಗೆ ಹೋಗುವ ಮೇಲ್ಸೇತುವೆ ರನ್‌ವೇಯ ತುದಿಯಲ್ಲೇ ಎದ್ದಿತು. ಹಾರುದಾರಿಯ ಕೆಳಗಿನ ಬಯಲನ್ನು ಬಯಲಾಗಿಯೇ ಉಳಿಸಿಕೊಳ್ಳುವುದು ನಗರ ಯೋಜಕರ ಹೊಣೆ.