ನೀರಿನಿಂದ ಬಂದದ್ದು, ನೀರಿನಿಂದಲೇ ಹೋದದ್ದು

ಪ್ಲೇಗ್ ಎಂದರೆ ನಮಗೆ ಅನಂತಮೂರ್ತಿಯವರ ‘ಸಂಸ್ಕಾರ’ ನೆನಪಾಗುತ್ತದೆ. ಕಾಲರಾ ಎಂದರೆ ಹಾಗೆ ತಟ್ಟನೆ ಯಾವುದೂ ನೆನಪಾಗುವುದಿಲ್ಲ. ಆದರೆ ಹಳ್ಳಿಗಳ ಹಿರಿಯರಿಗೆ ‘ವಾಂತಿಭೇದಿ’ ಎಂಬ ಮಾತೇ ಸಾಕು, ದನಿ ತಗ್ಗುತ್ತದೆ.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಸುತ್ತಮುತ್ತ ವರ್ಷವಿಡೀ ಹರಿಯುವ ನದಿಯಿಲ್ಲ. ಕೋಲಾರ ಸೀಮೆಯೆಲ್ಲ ಹೀಗೆಯೇ. ಮಳೆಯಾದರೆ ಕೆರೆ, ಕೆರೆ ತುಂಬಿದರೆ ಬಾವಿ. ಬರ ಬಂದಾಗ ಉಳಿದ ಒಂದೆರಡು ಕುಂಟೆ, ಬಾವಿಗಳಿಗೇ ಜನ, ದನ ಎಲ್ಲರೂ ಬರಬೇಕು. ಕಾಲರಾ ರೋಗಾಣು ಹರಡುವುದು ರೋಗಿಯ ಮಲ ಸೇರಿದ ನೀರಿನಿಂದ. ಹತ್ತಾರು ಕಡೆಯಿಂದ ನೀರು ತರುತ್ತಿದ್ದವರು ಒಂದೇ ಕಡೆ ಕೊಡ ಮುಳುಗಿಸಿದರೆ, ಒಬ್ಬರ ಕಾಯಿಲೆ ಊರಿನದಾಗಲು ಎರಡು ದಿನ ಸಾಕು.

1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಆದದ್ದು ಇದೇ. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೂಲಿ, ಗಂಜಿ ಹುಡುಕಿಕೊಂಡು ಜನ ಊರು ಬಿಟ್ಟರು. ಅವರ ಜೊತೆ ಕಾಲರಾವೂ ನಡೆಯಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.8 ಲಕ್ಷಕ್ಕೆ ಇಳಿದಿತ್ತು. ಹಸಿವಿನಿಂದ ಸತ್ತವರೆಷ್ಟು, ವಾಂತಿಭೇದಿಯಿಂದ ಸತ್ತವರೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಸಿದ ದೇಹವನ್ನು ಕಾಯಿಲೆ ಬೇಗ ಮುಗಿಸುತ್ತಿತ್ತು.

ಊರಿನವರು ಇದನ್ನು ಮಾರಿ ಎಂದರು. ಮಾರಮ್ಮನಿಗೆ ಪೂಜೆ, ಬಲಿ ಕೊಟ್ಟು, ಅವಳನ್ನು ಊರ ಗಡಿ ದಾಟಿಸಿ ಬಂದರು. ಈಗ ಇದನ್ನು ಕೇಳಿ ನಗುವುದು ಸುಲಭ. ಆದರೆ ಆಗಿನ ವೈದ್ಯರ ಬಳಿಯೂ ಇದಕ್ಕಿಂತ ಒಳ್ಳೆಯದೇನೂ ಇರಲಿಲ್ಲ. 19ನೇ ಶತಮಾನದ ಇಂಗ್ಲಿಷ್ ವೈದ್ಯರು ರೋಗಿಯ ರಕ್ತ ತೆಗೆಯುತ್ತಿದ್ದರು, ಪಾದರಸದ ಔಷಧಿಯನ್ನೂ ಅಫೀಮನ್ನೂ ಕೊಡುತ್ತಿದ್ದರು. ಬಳ್ಳಾರಿ ಸೀಮೆಯ ಜನ ಬಹುಕಾಲ ನೆನೆದ ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗಲೇ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದರು. ಬೆಳಿಗ್ಗೆ ಮಲಗಿದವರು ರಾತ್ರಿಗೆ ಇರಲಿಲ್ಲ. ಅಧಿಕಾರವಾಗಲಿ ವೈದ್ಯರಾಗಲಿ ಅವರನ್ನು ಉಳಿಸಲಾಗಲಿಲ್ಲ.

ಎಲ್ಲಕ್ಕಿಂತ ದಾರುಣವಾದದ್ದು ಇನ್ನೊಂದಿದೆ. ‘ನೀರು, ನೀರು’ ಎಂದು ರೋಗಿ ಅಂಗಲಾಚುತ್ತಿದ್ದರೂ ಕೊಡಬಾರದು ಎಂದು ಹಲವರು ನಂಬಿದ್ದರು. ಕುಡಿದದ್ದೆಲ್ಲ ವಾಂತಿಯಾಗುತ್ತದಲ್ಲ! ಆದರೆ ಕಾಲರಾ ಕೊಲ್ಲುವುದೇ ದೇಹದ ನೀರು, ಉಪ್ಪನ್ನು ಬಸಿದು. ಕೊನೆಗೂ ರೋಗಿಯ ಬಾಯಾರಿಕೆಯೇ ಸರಿ, ಶುಶ್ರೂಷೆ ಮಾಡುವವರ ಪ್ರೀತಿಯೇ ತಪ್ಪು ಎಂಬಂತಾಯಿತು.

ಈ ಸತ್ಯದ ಒಂದು ತುದಿ 1832ರಲ್ಲೇ ಸಿಕ್ಕಿತ್ತು. ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ರಕ್ತನಾಳಕ್ಕೆ ಉಪ್ಪುನೀರು ಹರಿಸಿ ಕೆಲವರನ್ನು ಬದುಕಿಸಿದರು. ಲೋಕ ಅದನ್ನು ಮರೆಯಿತು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಒಂದು ಬೀದಿಯ ನೀರಿನ ಪಂಪಿನತ್ತ ಬೆರಳು ತೋರಿದರು. 1884ರಲ್ಲಿ ಕಲ್ಕತ್ತೆಯ ಕೊಳವೊಂದರ ನೀರಿನಲ್ಲಿ ರಾಬರ್ಟ್ ಕಾಖ್ ರೋಗಾಣುವನ್ನು ಕಂಡರು. ಆಮೇಲೆ ನಮ್ಮ ಹಳ್ಳಿಗಳ ಬಾವಿಗೂ ಬ್ಲೀಚಿಂಗ್ ಪೌಡರ್ ಬಂತು, ಜಾತ್ರೆಗೆ ಹೊರಟವರಿಗೆ ಚುಚ್ಚುಮದ್ದು ಬಂತು.

ಬಡವರ ಕೈಗೆಟುಕುವ ಮದ್ದು ಸಿಕ್ಕಿದ್ದು ಮಾತ್ರ 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಕರುಳು ಸಕ್ಕರೆಯನ್ನು ಹೀರುವಾಗ ಉಪ್ಪನ್ನೂ ನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ; ಗುಟ್ಟು ಇಷ್ಟೇ. ಒಂದು ಲೀಟರ್ ಶುದ್ಧ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಅದೇ ಕೆಲಸ ಮಾಡುತ್ತದೆ. ಎಲ್ಲರ ಅಡುಗೆಮನೆಯಲ್ಲೂ ಮದ್ದು ಇತ್ತು. ಕುಡಿಸಬೇಕೆಂಬ ಧೈರ್ಯ ಇರಲಿಲ್ಲ.

2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತಗಳಲ್ಲಿ ಶುದ್ಧವಾಗಿ ಬರುತ್ತಿದೆ. ಒಣಗಿದ್ದ ಕೆರೆ ತುಂಬಿದ್ದು ಸಂತೋಷವೇ. ಮೂರನೇ ಹಂತದ ಶುದ್ಧೀಕರಣವೂ ಬೇಕು ಎಂದು ಇಲ್ಲಿನ ಜನ ಕೇಳುತ್ತಿದ್ದಾರೆ. ಅದನ್ನು ಬರೀ ತಕರಾರು ಎಂದು ತಳ್ಳಿಹಾಕಬಾರದು. ನೀರು ಎಲ್ಲಿಂದ ಬಂತು, ಅದರಲ್ಲಿ ಏನಿದೆ ಎಂದು ಕೇಳದೆ ಕುಡಿದ ಕಾಲವೊಂದನ್ನು ಈ ಸೀಮೆ ದಾಟಿ ಬಂದಿದೆ.